ಫ್ರೆಂಚ್ ಕ್ರಿಯಾಪದವನ್ನು ಎರಡು ಸಲ ಒಡೆಯಿರಿ

ಫ್ರೆಂಚ್ ಕ್ರಿಯಾಪದಗಳ ಪಟ್ಟಿಯನ್ನು ಸುಮ್ನೆ ಉರು ಹೊಡೆಯುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ರೂಪವನ್ನೂ ಎರಡು ಸಲ ಒಡೆಯಿರಿ: ಒಮ್ಮೆ ಕಿವಿಗೆ ಕೇಳುವ ಹಾಗೆ, ಇನ್ನೊಮ್ಮೆ ವ್ಯಾಕರಣದ ಪ್ರಕಾರ. ಎರಡೂ ಒಂದೇ ಜಾಗದಲ್ಲಿ ಒಡೆಯುವುದಿಲ್ಲ, ಗೊಂದಲವೆಲ್ಲ ಹುಟ್ಟುವುದು ಅಲ್ಲೇ.

ಇದು ನಮಗೆ ಹೊಸದೇನಲ್ಲ. 'ಮಾಡಿದೆವು' ಬಾಯಲ್ಲಿ ಮಾ-ಡಿ-ದೆ-ವು. ಬಿಡಿಸಿದರೆ ಮಾಡ್-ಇದ್-ಎವು, ಅಲ್ವಾ? ಫ್ರೆಂಚಿನ 'ನು ಫಿನಿಸೋಂ' (ನಾವು ಮುಗಿಸುತ್ತೇವೆ) ಕೂಡ ಹಾಗೇ. ಕಿವಿಗೆ ಫಿ-ನಿ-ಸೋಂ, ಒಳಗೆ ಫಿನ್-ಇಸ್-ಓಂ. 'ಫಿನ್' ಧಾತು, 'ಇಸ್' ಇದೇ ತರಹದ ಕ್ರಿಯಾಪದಗಳ ಗುಂಪಿನ ಗುರುತು, 'ಓಂ' ಅಂದರೆ ನಾವು. (ಆ ಸೊನ್ನೆಯನ್ನು ಮೂಗಿನಲ್ಲೇ ಹೇಳಿ, ತುಟಿ ಮುಚ್ಚಬೇಡಿ.)

ಕಿವಿಯ ನಿಯಮ ಸುಲಭ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ. ಎರಡಿದ್ದರೆ ಸಾಮಾನ್ಯವಾಗಿ ಆಕಡೆ ಒಂದು, ಈಕಡೆ ಒಂದು: ಪಾರ್-ಲೇ, ಅಂದರೆ ಮಾತಾಡು. ಆದರೆ ತ್ರ, ವ್ರ, ಬ್ಲ ತರಹ ರ ಅಥವಾ ಲ ಅಂಟಿಕೊಂಡ ಜೋಡಿ ಬೇರೆಯಾಗುವುದಿಲ್ಲ: ಮೋಂ-ತ್ರೇ, ಅಂದರೆ ತೋರಿಸು.

ಈಗ ನನಗೆ ತುಂಬ ಇಷ್ಟವಾದ ಭಾಗ. 'ಎತ್ತು' ಅನ್ನುವುದಕ್ಕೆ ಲ-ವೇ. ನಾವು ಎತ್ತುತ್ತೇವೆ ಅನ್ನುವಾಗ ಲ-ವೋಂ. 'ನಾನು' ಬಂದ ಕೂಡಲೇ ಅದು 'ಜ ಲೆವ್' ಆಗಿ, ಬರೆಯುವಾಗ ಸ್ವರದ ತಲೆ ಮೇಲೆ ಒಂದು ಗೆರೆ ಬರುತ್ತದೆ. ಯಾಕೆ? 'ನಾನು' ರೂಪದ ಕೊನೆಯ ಸ್ವರ ಬರಹದಲ್ಲಿದೆ, ಬಾಯಲ್ಲಿಲ್ಲ. ಹಾಗಾಗಿ ವ್‌ಗೆ ಮುಂದೆ ಆಸರೆ ಸಿಗದೆ ಹಿಂದಿನ ತುಂಡಿಗೆ ಬಂದು ಸೇರುತ್ತದೆ, ಅಲ್ಲಿದ್ದ ಸಡಿಲ ಸ್ವರ ಆ ಮುಚ್ಚಿದ ತುಂಡಿನಲ್ಲಿ ನಿಲ್ಲಲಾರದೆ ಗಟ್ಟಿಯಾಗಿ 'ಎ' ಆಗುತ್ತದೆ. ನೀನು, ಅವನು, ಅವರು ರೂಪಗಳಲ್ಲೂ ಇದೇ ಕತೆ. ಕರೆ ಅನ್ನುವ 'ಆಪ್ಲೇ'ಯಲ್ಲಿ ಗೆರೆಯ ಬದಲು ಲ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ, ಕಾರಣ ಮಾತ್ರ ಅದೇ. ಇದು ಅರ್ಥವಾದರೆ 'ಅಪವಾದ' ಎಂದು ಬೇರೆಯಾಗಿ ಕಲಿಯುವ ಎಷ್ಟೋ ರೂಪಗಳು ಒಂದೇ ನಿಯಮದೊಳಗೆ ಬರುತ್ತವೆ.

ಭವಿಷ್ಯತ್ಕಾಲದಲ್ಲಿ ಸಾಮಾನ್ಯವಾಗಿ ಧಾತುವನ್ನು ಕತ್ತರಿಸಬೇಡಿ. ಪೂರ್ತಿ ಮೂಲರೂಪಕ್ಕೇ ಪ್ರತ್ಯಯ ಹಚ್ಚಿ: ಫಿನಿರ್ (ಮುಗಿಸು) + ಓಂ, ಕಿವಿಗೆ ಫಿ-ನಿ-ರೋಂ. ಈ ಪ್ರತ್ಯಯಗಳು ಬಂದಿರುವುದು 'ಇರುವುದು, ಹೊಂದಿರುವುದು' ಎಂಬ ಅರ್ಥದ 'ಆವ್ವಾರ್' ಕ್ರಿಯಾಪದದ ರೂಪಗಳಿಂದಲೇ.

ಹೊಸ ಕ್ರಿಯಾಪದ ಸಿಕ್ಕಾಗ ಮೊದಲು 'ನು' ರೂಪ ಹೇಳಿ, ಕೊನೆಯ 'ಓಂ' ತೆಗೆಯಿರಿ. ತೆಗೆದುಕೊಳ್ಳುವುದಕ್ಕೆ 'ಪ್ರನೋಂ', ಉಳಿಯುವುದು 'ಪ್ರನ್'. ಹಿಂದೆ ನಡೆಯುತ್ತಿದ್ದುದನ್ನು ಹೇಳುವ ಕಾಲಕ್ಕೂ ಇದೇ ಧಾತು ಸಾಕು: 'ಜ ಪ್ರನೆ'. ಇರು ಎಂಬ ಅರ್ಥದ 'ಎತ್ರ್' ಒಂದೇ ಇದಕ್ಕೆ ಹೊರಗು. ಇನ್ನು 'ಅವರು ತೆಗೆದುಕೊಳ್ಳುತ್ತಾರೆ' ಅನ್ನುವಾಗ ಅದು 'ಪ್ರೆನ್' ಯಾಕಾಯಿತು ಎಂದು ನೀವೇ ಒಡೆದು ನೋಡಿ, ಲೆವ್ ನೆನಪಿಟ್ಟುಕೊಂಡು.