ಜಗಲಿಯಿಂದ ಮೆತ್ತಿಗೆ ವೈ-ಫೈ ಹತ್ತಿಸಿದ್ದು

ನಮ್ಮದು ಸಿದ್ದಾಪುರದ ಕಡೆಯ ಹಳೇ ಮನೆ. ಕೆಳಗಿನ ಗೋಡೆಗಳೆಲ್ಲ ಚಿರೇಕಲ್ಲಿನವು, ಒಂದೂವರೆ ಅಡಿ ದಪ್ಪ. ಜಗಲಿ, ನಡುಮನೆ, ದೇವರ ಕೋಣೆ, ಅಡಿಗೆಮನೆ ಒಂದರ ಹಿಂದೊಂದು. ಮೇಲೆ ಹಲಗೆ ಹಾಸಿದ ಮೆತ್ತು, ಅಂದರೆ ಮಹಡಿ. ಮೆತ್ತಿನ ಹಿಂಬದಿಯ ಕೋಣೆಯಲ್ಲಿ ಕೂತು ನಾನು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಕಟ್ಟುತ್ತೇನೆ, ಅದೇ ಹೊಟ್ಟೆಪಾಡು. ಫೈಬರ್ ಇಂಟರ್ನೆಟ್ ಹಾಕಲು ಬಂದ ಹುಡುಗ ವೈ-ಫೈ ಡಬ್ಬಿಯನ್ನು ಜಗಲಿಯಲ್ಲಿ, ಟಿವಿಯ ಮೇಲೆ, ಕಬ್ಬಿಣದ ಬೀರುವಿನ ಮಗ್ಗುಲಿಗೆ ಹೊಡೆದು ಹೋದ. ಕಂಬದಿಂದ ಬಂದ ತಂತಿಗೆ ಅದೇ ಹತ್ತಿರವಾಗಿತ್ತು. ನಮ್ಮದು 100 ಎಂಬಿಪಿಎಸ್ ಪ್ಲಾನು. ಜಗಲಿಯಲ್ಲಿ ಕೂತರೆ 90ಕ್ಕೆ ಮೋಸವಿಲ್ಲ. ಅಡಿಗೆಮನೆಯಲ್ಲಿ ಆಯಿಯ ಫೋನಿಗೆ ಒಂದೇ ಕಡ್ಡಿ. ನನ್ನ ಕೋಣೆಯಲ್ಲಿ ನೆಟ್‌ವರ್ಕಿನ ಹೆಸರು ಕಾಣುತ್ತಿತ್ತು, ಅಷ್ಟೇ.

ಹಾಗಾಗಿ ಪ್ರೆಸ್ಸಿಗೆ ದೊಡ್ಡ ಪಿಡಿಎಫ್ ಕಳಿಸುವ ದಿನ ಲ್ಯಾಪ್‌ಟಾಪ್ ಹೊತ್ತು ಜಗಲಿಗೆ ಇಳಿಯುತ್ತಿದ್ದೆ. ಅಲ್ಲಿ ಅಪ್ಪಯ್ಯನ ಯಕ್ಷಗಾನ ನಡೆಯುತ್ತಿರುತ್ತಿತ್ತು. ಚಂಡೆ ಸದ್ದಿನ ನಡುವೆ ಫೈಲು ಏರುವುದನ್ನು ಕಾಯುತ್ತ ಕೂರಬೇಕು. ಅಣ್ಣ "ದೊಡ್ಡ ಪ್ಲಾನ್ ತಗಂಡ್ರೆ ಮುಗಿತು" ಅಂದ. ಕಂಪನಿಗೆ ಫೋನ್ ಮಾಡಿದರೆ ಆ ಕಡೆಯವರ ಸಲಹೆಯೂ ಅದೇ ಆಗಿತ್ತು. ಹೊಂಡದಲ್ಲಿ ನೀರು ಹೆಚ್ಚಿದ ಮಾತ್ರಕ್ಕೆ ಪೈಪು ಹೋಗದ ತೋಟದ ತುದಿಗೆ ಸ್ಪ್ರಿಂಕ್ಲರ್ ತಿರುಗುತ್ತದೆಯೇ? ಜಗಲಿಗೆ ಬಂದು ಮುಟ್ಟಿದ್ದೇ ಖರ್ಚಾಗುತ್ತಿರಲಿಲ್ಲ. ಅದನ್ನು ಒಳಗೆ ಒಯ್ಯುವ ದಾರಿ ಬೇಕಿತ್ತು.

ಮೊದಲು ಗೆಳೆಯನೊಬ್ಬನ ರಿಪೀಟರ್, ಅಂದರೆ ವೈ-ಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಯಂತ್ರ, ತಂದು ನಡುಮನೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಕಡ್ಡಿ ಪೂರ್ತಿ ತುಂಬಿತು, ವೇಗ ಮಾತ್ರ ಬರಲಿಲ್ಲ. ಇಂಥ ಅಗ್ಗದ ರಿಪೀಟರಿನಲ್ಲಿ ಕೇಳುವ ರೇಡಿಯೊವೂ ಅದೇ, ಹೇಳುವ ರೇಡಿಯೊವೂ ಅದೇ. ಒಂದೇ ಮಾತನ್ನು ಎರಡೆರಡು ಸಲ ಆಡುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೂ ಕೆಟ್ಟದ್ದೆಂದರೆ, ಗೋಡೆ ದಾಟಿ ಸೊರಗಿ ಬಂದ ಸಿಗ್ನಲ್ಲನ್ನೇ ಅದು ಜೋರಾಗಿ ಕೂಗುತ್ತಿತ್ತು. ಮೂರನೇ ದಿನ ವಾಪಸ್ ಕೊಟ್ಟೆ.

ಆಗ ನೆನಪಾದದ್ದು ಟ್ರಂಕಿನಲ್ಲಿದ್ದ ಹಳೇ ರೌಟರ್. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಬಳಸಿದ್ದು. ಎರಡು ಕೊಂಬು, ಹಿಂದೆ ಐದು ತೂತು: ಹೊರಗಿನಿಂದ ಇಂಟರ್ನೆಟ್ ತಂದುಕೊಳ್ಳಲು ಒಂದು ನೀಲಿ, ಮನೆಯೊಳಗೆ ಹಂಚಲು ನಾಲ್ಕು ಹಳದಿ. 2.4 ಗಿಗಾಹರ್ಟ್ಸ್ ಮಾತ್ರ. ಹೊಸ ಕಾಲದವರು ಕಸಕ್ಕೆ ಹಾಕುವಂಥದ್ದು. ಆದರೆ ಜಗಲಿಯ ಡಬ್ಬಿಯಿಂದ ತಂತಿಯಲ್ಲೇ ಇಂಟರ್ನೆಟ್ ತಂದು ಇದಕ್ಕೆ ಕೊಟ್ಟರೆ ಗೋಡೆಯ ಗೊಡವೆಯೇ ಇಲ್ಲವಲ್ಲ!

ಅಡಿಕೆ ಒಣಗಿಸುವ ಅಂಗಳಕ್ಕೆ ಚಪ್ಪರ ಹಾಕುವಾಗ ಅಳೆಯುವ ಹಗ್ಗದಲ್ಲೇ ದಾರಿ ಅಳೆದೆ. ಜಗಲಿಯ ಮುಚ್ಚಿಗೆ ಹತ್ತಿ, ಮಾಡಿನ ಅಡಿಯಲ್ಲಿ ಸಾಗಿ, ಮೆತ್ತಿನ ಏಣಿಯ ಬಾಯಿಗೆ ಇಳಿದರೆ ಹತ್ತಿರ ಹತ್ತಿರ 30 ಮೀಟರ್. ಲ್ಯಾನ್ ಕೇಬಲ್ 100 ಮೀಟರ್ ತನಕ ತಡೆಯುತ್ತದೆ, ಹಾಗಾಗಿ ಆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಇಲಿಯದ್ದು. ಕರೆಂಟಿನವರು ಹಾಕುವ ಪಿವಿಸಿ ಪೈಪಿನೊಳಗೆ ತೂರಿಸಿ ತಂದೆ. ಪೇಟೆಯಿಂದ ಕ್ಯಾಟ್-6 ಕೇಬಲ್ 40 ಮೀಟರ್, ಹತ್ತು ಕನೆಕ್ಟರು ತಂದದ್ದು. ಕನೆಕ್ಟರನ್ನು ಕೇಬಲ್ಲಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲು, ಟೆಸ್ಟರು ಎರಡೂ ಊರಲ್ಲಿ ಕ್ಯಾಮೆರಾ ಹಾಕುವವನಿಂದ ಎರವಲು.

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಕೇಬಲ್ಲಿನೊಳಗೆ ಎಂಟು ಎಳೆ, ಎರಡೆರಡು ಹೆಣೆದು ನಾಲ್ಕು ಜೋಡಿ. ಬುದ್ಧಿವಂತನ ಹಾಗೆ ಜೋಡಿಜೋಡಿಯಾಗಿಯೇ ಸಾಲು ಮಾಡಿದೆ: ಕೇಸರಿ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಎರಡೂ ತುದಿಗೆ ಒಂದೇ ಕ್ರಮ. ಟೆಸ್ಟರಿನಲ್ಲಿ ಒಂದರಿಂದ ಎಂಟರ ತನಕ ಹಸಿರು ದೀಪ ಮಿನುಗಿದ್ದೇ ಮಿನುಗಿದ್ದು. ರೌಟರಿನ ದೀಪವೂ ಹತ್ತಿತು. ವೇಗ ನೋಡಿದರೆ ಆರೋ ಏಳೋ ಎಂಬಿಪಿಎಸ್, ಅದೂ ತಡೆತಡೆದು. ಕೇಬಲ್ ಕೆಟ್ಟದ್ದೆಂದು ಅಂಗಡಿಯವನಿಗೆ ಮನಸ್ಸಿನಲ್ಲೇ ಬೈದೆ.

ಕ್ಯಾಮೆರಾದವನು ತುದಿ ನೋಡಿದವನೇ ನಕ್ಕ. "ಹಸಿರು ಎಲ್ಲಿ ಹಾಕಿದ್ದೆ ನೋಡು ಮಾರಾಯ" ಅಂದ. ಸರಿಯಾದ ಸಾಲು ಹೀಗೆ: ಕೇಸರಿ ಪಟ್ಟೆಯ ಬಿಳಿ, ಕೇಸರಿ, ಹಸಿರು ಪಟ್ಟೆಯ ಬಿಳಿ, ನೀಲಿ, ನೀಲಿ ಪಟ್ಟೆಯ ಬಿಳಿ, ಹಸಿರು, ಕಂದು ಪಟ್ಟೆಯ ಬಿಳಿ, ಕಂದು. ಹಸಿರು ಜೋಡಿ ನೀಲಿಯ ಆಚೆ ಒಂದು, ಈಚೆ ಒಂದು ಕೂರಬೇಕು. ಯಾಕೆಂದರೆ ಯಂತ್ರ ಮೂರನೇ ಮತ್ತು ಆರನೇ ಪಿನ್ನನ್ನು ಒಂದು ಜೋಡಿಯಾಗಿ ಬಳಸುತ್ತದೆ. ನನ್ನ ಸಾಲಿನಲ್ಲಿ ಮೂರರಲ್ಲಿ ಹಸಿರಿನ ಎಳೆ, ಆರರಲ್ಲಿ ನೀಲಿಯ ಎಳೆ. ಒಂದಕ್ಕೊಂದು ಹೆಣೆದುಕೊಂಡಿರದ ಎರಡು ಎಳೆ ಜೋಡಿಯಾಗಿ ಓಡಿದರೆ ಪಕ್ಕದ ಜೋಡಿಯ ಗದ್ದಲವೆಲ್ಲ ಅವಕ್ಕೆ ತಗಲುತ್ತದೆ. ಹೆಣೆದಿರುವುದೇ ಆ ಗದ್ದಲ ಕಳೆಯಲಿಕ್ಕೆ. ಟೆಸ್ಟರು ನೋಡುವುದು ಎಳೆ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೋ ಇಲ್ಲವೋ ಎಂದಷ್ಟೇ. ಯಾರ ಜೊತೆ ಯಾರು ಹೊರಟರು ಎಂದು ಅದು ಕೇಳುವುದಿಲ್ಲ. ಎರಡೂ ತುದಿ ಕತ್ತರಿಸಿ ಹೊಸದಾಗಿ ಕಟ್ಟಿದೆ. ಹೊರಸಿಪ್ಪೆ ಒಂದಂಗುಲ ಸುಲಿ, ಎಳೆ ನೇರ ಮಾಡು, ತುದಿ ಒಂದೇ ಮಟ್ಟಕ್ಕೆ ಕತ್ತರಿಸು, ಕನೆಕ್ಟರಿನ ಮೂತಿಯಲ್ಲಿ ಎಂಟೂ ತಾಮ್ರದ ಚುಕ್ಕೆ ಕಾಣುವ ತನಕ ದೂಡು, ಸಿಪ್ಪೆಯೂ ಒಳಗೆ ಹೋಗಿದೆಯೋ ನೋಡು, ಆಮೇಲೆ ಒತ್ತು. ಈ ಸಲ ಮೆತ್ತಿನ ಮೇಲೆ ಲ್ಯಾಪ್‌ಟಾಪಿಗೆ ತಂತಿಯಲ್ಲಿ 94 ಬಂತು. ಹಳೇ ರೌಟರಿನ ತೂತುಗಳೇ 100ರವು, ಅದರಿಂದ ಇನ್ನೂ ಹೆಚ್ಚು ಕೇಳುವುದು ತರವಲ್ಲ.

ತಂತಿಯ ಕೆಲಸ ಮುಗಿದ ಮೇಲೆ ಸೆಟ್ಟಿಂಗಿನದು. ಸಲೀಸು ಅಂದುಕೊಂಡಿದ್ದೆ, ಇದಕ್ಕೇ ಹೆಚ್ಚು ದಿನ ಹೋಯಿತು.

ಕೇಬಲ್ಲನ್ನು ನೀಲಿ ತೂತಿಗೆ ಚುಚ್ಚಬೇಕೆಂಬುದು ಎಲ್ಲರಿಗೂ ಗೊತ್ತು. ಚುಚ್ಚಿದೆ. ಇಂಟರ್ನೆಟ್ ಇಲ್ಲ. ಕಾರಣ, ಜಗಲಿಯ ಡಬ್ಬಿಯ ವಿಳಾಸ 192.168.1.1, ಹಳೇ ರೌಟರಿನದ್ದೂ ಅದೇ. 192.168ರ ಸಾಲಿನ ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದೇ ಬೇರೆ ತೆಗೆದಿಟ್ಟಿದ್ದಾರೆ. ಹೊರಗಿನ ಇಂಟರ್ನೆಟ್ಟಿಗೆ ಅವು ದಾಟುವುದಿಲ್ಲ, ಹಾಗಾಗಿ ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ 192.168.1.1 ಇದ್ದರೆ ತಂಟೆಯಿಲ್ಲ. ಒಂದೇ ಮನೆಯಲ್ಲಿ ಎರಡಿದ್ದರೆ ತಂಟೆ. ರೌಟರಿನದನ್ನು 192.168.2.1 ಮಾಡಿದೆ, ಇಂಟರ್ನೆಟ್ ಬಂತು. ಎರಡು ದಿನ ಖುಷಿಯಾಗಿದ್ದೆ.

ಮೂರನೇ ದಿನ ಅಣ್ಣ ಜಗಲಿಯಿಂದ ಸೊಸೈಟಿಯ ಪಟ್ಟಿಯೊಂದನ್ನು ಪ್ರಿಂಟ್ ಕೊಟ್ಟ. ಪ್ರಿಂಟರ್ ಇರುವುದು ನನ್ನ ಕೋಣೆಯಲ್ಲಿ. ಅವನ ಫೋನಿಗೆ ಪ್ರಿಂಟರ್ ಕಾಣಲೇ ಇಲ್ಲ. ನೀಲಿ ತೂತಿಗೆ ಚುಚ್ಚಿದ್ದರಿಂದ ಮೆತ್ತು ಬೇರೆ ಮನೆಯಾಗಿತ್ತು, ನಡುವೆ ಒಂದು ಬಾಗಿಲು ಹಾಕಿದ ಹಾಗೆ. ಜಗಲಿಯ ಡಬ್ಬಿ ಇಡೀ ಮನೆಯ ವಿಳಾಸಗಳನ್ನು ಹೊರಗಿನ ಒಂದು ವಿಳಾಸದ ಹಿಂದೆ ಅಡಗಿಸುತ್ತಿದ್ದರೆ, ನನ್ನ ರೌಟರ್ ಮೆತ್ತನ್ನು ಜಗಲಿಯಿಂದಲೂ ಅಡಗಿಸುತ್ತಿತ್ತು. ಮನೆ ಪಾಲಾಗದೆ ಒಂದೇ ಆಗಿರಬೇಕಾದರೆ ನೀಲಿ ತೂತು ಬಿಟ್ಟು ಹಳದಿಗೆ ಚುಚ್ಚಬೇಕು. ಆಗ ಹಳೇ ರೌಟರ್ ಯಜಮಾನಿಕೆ ಬಿಟ್ಟು ಬರೇ ವೈ-ಫೈ ಹಂಚುವ ಆಳಾಗುತ್ತದೆ. ಹೊಸ ಮಾದರಿಗಳಲ್ಲಿ ಇದಕ್ಕೆ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಒಂದೇ ಗುಂಡಿ ಇರುತ್ತದೆ. ನನ್ನದರಲ್ಲಿ ಇರಲಿಲ್ಲ, ಕೈಯಲ್ಲೇ ಮಾಡಬೇಕಾಯಿತು.

ವಿಳಾಸವನ್ನು 192.168.1.2 ಮಾಡಿ ಕೇಬಲ್ ಹಳದಿಗೆ ಹಾಕಿದೆ. ಪ್ರಿಂಟರ್ ಕಂಡಿತು. ಆದರೆ ಮಾರನೇ ಬೆಳಿಗ್ಗೆ ಆಯಿ ಕೆಳಗಿಂದ ಕೂಗಿದಳು, "ತಮಾ, ಫೋನಲ್ಲಿ ಏನೂ ಬತ್ತಿಲ್ಲೆ ನೋಡು." ವೈ-ಫೈ ಹತ್ತಿದೆ, ಇಂಟರ್ನೆಟ್ ಇಲ್ಲ. ಪಕ್ಕದಲ್ಲೇ ಕೂತ ಅತ್ತಿಗೆಯ ಫೋನಿಗೆ ಬರುತ್ತಿದೆ. ಆಫ್ ಮಾಡಿ ಆನ್ ಮಾಡಿದರೆ ಆಯಿಯದು ಸರಿ, ಅಪ್ಪಯ್ಯನದು ನಿಂತಿತು. ಸಂಜೆಗೆ ನನ್ನ ಲ್ಯಾಪ್‌ಟಾಪ್. ಕಂಪನಿಗೆ ದೂರು ಕೊಡಲೂ ಬರುವುದಿಲ್ಲ, ಏಕೆಂದರೆ ಕೇಳುವಾಗ ಯಾರಾದರೊಬ್ಬರದು ನಡೆಯುತ್ತಲೇ ಇರುತ್ತದೆ.

ಎರಡು ದಿನ ಒದ್ದಾಡಿದ ಮೇಲೆ ಎರಡು ಫೋನ್ ಅಕ್ಕಪಕ್ಕ ಇಟ್ಟು ವೈ-ಫೈ ಹೆಸರಿನ ಮೇಲೆ ಒತ್ತಿ ವಿವರ ಓದಿದೆ. ನಡೆಯುವ ಫೋನಿನಲ್ಲಿ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲಿನ ವಿಳಾಸ, 192.168.1.1, ನಡೆಯದ್ದರಲ್ಲಿ 192.168.1.2. ಅಲ್ಲಿಗೆ ಗುಟ್ಟು ಒಡೆಯಿತು. ಫೋನು ವೈ-ಫೈಗೆ ಸೇರಿದ ಕೂಡಲೇ "ನನಗೊಂದು ವಿಳಾಸ ಕೊಡಿ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ವಿಳಾಸ ಕೊಡುವ ಕೆಲಸದ ಹೆಸರು ಡಿಎಚ್‌ಸಿಪಿ. ಹಳೇ ರೌಟರಿನಲ್ಲಿ ಅದನ್ನು ಆಫ್ ಮಾಡಲು ನಾನು ಮರೆತಿದ್ದೆ. ಇಬ್ಬರೂ ಉತ್ತರ ಕೊಡುತ್ತಿದ್ದರು. ಜಗಲಿಯವನು ಮೊದಲು ಓಗೊಟ್ಟರೆ ಸರಿದಾರಿ. ಮೆತ್ತಿನವನು ಮೊದಲಾದರೆ "ಹೊರಗೆ ಹೋಗಲು ನನ್ನನ್ನೇ ಕೇಳು" ಅಂದುಬಿಡುತ್ತಿದ್ದ, ಅವನಿಗೋ ಹೊರಗಿನ ದಾರಿಯೇ ಇಲ್ಲ. ಒಂದು ಮನೆಗೆ ಇಬ್ಬರು ಯಜಮಾನರಾದರೆ ಕೆಲಸದವರ ಪಾಡು ಏನಾಗುತ್ತದೋ ಅದೇ. ಮೆತ್ತಿನವನ ಡಿಎಚ್‌ಸಿಪಿ ಆಫ್ ಮಾಡಿದೆ. ಜಗಲಿಯ ಡಬ್ಬಿಯಲ್ಲಿ ಹಂಚುವ ವಿಳಾಸಗಳು 10ರಿಂದ ಶುರುವಾಗುವಂತೆ ಬದಲಿಸಿದೆ, ಇಲ್ಲದಿದ್ದರೆ ರೌಟರಿಗೆ ಇಟ್ಟ 2ನ್ನು ಒಂದು ದಿನ ಯಾರದೋ ಫೋನಿಗೆ ದಾನ ಮಾಡಿಬಿಡುತ್ತಿತ್ತು. ಆಮೇಲೆ ಇದುವರೆಗೆ ಆ ಜಗಳವಿಲ್ಲ.

ರೌಟರನ್ನು ಎಲ್ಲಿ ಇಡುವುದೆಂದು ಬಹಳ ಯೋಚಿಸಲಿಲ್ಲ, ಆದರೆ ಅದೃಷ್ಟಕ್ಕೆ ಸರಿಯಾದ ಜಾಗ ಸಿಕ್ಕಿತು. ನನ್ನ ಕೋಣೆಯೊಳಗಲ್ಲ, ಏಣಿಯ ಬಾಯಲ್ಲಿ, ಅಡಿಗೆಮನೆಯ ನೆತ್ತಿಗೆ. ಚಿರೇಕಲ್ಲಿನ ಗೋಡೆ ತಡೆಯುವ ಸಿಗ್ನಲ್ಲನ್ನು ಮೆತ್ತಿನ ಹಲಗೆ ಅಷ್ಟಾಗಿ ತಡೆಯುವುದಿಲ್ಲ. ಮೇಲಿನಿಂದ ಮಳೆ ಸೋರಿದ ಹಾಗೆ ಇಳಿಯುತ್ತದೆ. ಆಯಿಗೆ ಒಲೆ ಮುಂದೆಯೇ ಈಗ ಪೂರ್ತಿ ಕಡ್ಡಿ. ಎರಡರ ಸಿಗ್ನಲ್ ಒಂದಕ್ಕೊಂದು ಅಡ್ಡ ಬರದಿರಲೆಂದು ಕೆಳಗಿನದಕ್ಕೆ ಚಾನೆಲ್ 1, ಮೇಲಿನದಕ್ಕೆ 11. 2.4ರಲ್ಲಿ 1, 6, 11 ಮೂರೇ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ಮೂರಕ್ಕೆ ನೂಕುನುಗ್ಗಲು, ನಮ್ಮಲ್ಲಿ ಸುತ್ತ ತೋಟ ಬಿಟ್ಟರೆ ಯಾರೂ ಇಲ್ಲ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟೆ, ಓಡಾಡುವಾಗ ಫೋನು ತಾನೇ ಬದಲಾಯಿಸಿಕೊಳ್ಳಲಿ ಎಂದು. ಫೋನುಗಳೋ ಜಿಗಣೆ ಜಾತಿ. ಜಗಲಿಯಲ್ಲಿ ಕಚ್ಚಿಕೊಂಡದ್ದನ್ನು ಅಡಿಗೆಮನೆಗೆ ಬಂದರೂ ಬಿಡುವುದಿಲ್ಲ. ಜಗಲಿಯ ಡಬ್ಬಿಯ ಶಕ್ತಿಯನ್ನು ಮೀಡಿಯಂಗೆ ಇಳಿಸಿದ ಮೇಲೆ ಬಿಡತೊಡಗಿದವು. ಸಿಗ್ನಲ್ ಕಡಿಮೆ ಮಾಡಿ ವೈ-ಫೈ ಸರಿಮಾಡಿದೆ ಎಂದರೆ ಅಣ್ಣ ಇನ್ನೂ ನಂಬುವುದಿಲ್ಲ.

ಕರೆಂಟಿನ ಕಥೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಎರಡು ಕಡೆಗೂ ಒಂದೊಂದು ಮಿನಿ ಯುಪಿಎಸ್ ಇಟ್ಟಿದ್ದೇನೆ. ಜಗಲಿಯದು 12 ವೋಲ್ಟು, ಹಳೇ ರೌಟರ್ 9 ವೋಲ್ಟು, ಪಿನ್ನು ಮಾತ್ರ ಎರಡಕ್ಕೂ ಒಂದೇ. ಒಮ್ಮೆ ಕತ್ತಲಲ್ಲಿ 12ರದ್ದನ್ನು 9ರದ್ದಕ್ಕೆ ಚುಚ್ಚಿದೆ. ಕೈ ಇಟ್ಟರೆ ಸುಡುವಷ್ಟು ಬಿಸಿ, ಪುಣ್ಯಕ್ಕೆ ಬದುಕಿತು. ಈಗ 9ರ ಪಿನ್ನಿಗೆ ಅತ್ತಿಗೆಯ ಕೆಂಪು ನೈಲ್ ಪಾಲಿಶ್ ಬಳಿದಿದೆ.

ಗುಡುಗಿನದು ಬೇರೆ ಮಾತು. ಟೆಲಿಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದಲ್ಲಿ, 256 ಕೆಬಿಪಿಎಸ್ ಬಂದರೆ ಅದನ್ನೇ ಬ್ರಾಡ್‌ಬ್ಯಾಂಡ್ ಅನ್ನುತ್ತಿದ್ದ ಆ ದಿನಗಳಲ್ಲಿ, ಮನೆಗೊಂದೇ ಕಂಪ್ಯೂಟರು, ಹಂಚುವ ಪ್ರಶ್ನೆಯೇ ಇರಲಿಲ್ಲ. ಆದರೆ ಏಪ್ರಿಲ್-ಮೇ ಗುಡುಗಿಗೆ ಮೋಡೆಮ್ ಸುಟ್ಟದ್ದು ನೆನಪಿದೆ, ತಾಮ್ರದ ತಂತಿಯೇ ಸಿಡಿಲನ್ನು ಮನೆಗೆ ಕರೆತರುತ್ತಿತ್ತು. ಫೈಬರಿನ ಗಾಜಿನ ಎಳೆಯಲ್ಲಿ ಅದು ಹರಿಯುವುದಿಲ್ಲ. ಹಾಗಂತ ನಿಶ್ಚಿಂತೆ ಬೇಡ: ಕಂಬದಿಂದ ಬರುವ ಕೇಬಲ್ಲಿಗೆ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ, ಕರೆಂಟಿನ ದಾರಿ ಇದ್ದೇ ಇದೆ, ಮೇಲಿಂದ ನಾನೇ 30 ಮೀಟರ್ ತಾಮ್ರವನ್ನು ಮಾಡಿನಡಿ ಮಲಗಿಸಿದ್ದೇನೆ. ಮೋಡ ಕಪ್ಪಾದರೆ ಎರಡೂ ಅಡಾಪ್ಟರ್ ಕೀಳುತ್ತೇವೆ, ಜೊತೆಗೆ ಲ್ಯಾನ್ ಕೇಬಲ್ಲನ್ನೂ. ಪ್ಲಗ್ ಮಾತ್ರ ಕಿತ್ತು ಕೇಬಲ್ ಬಿಡುವವರೇ ಹೆಚ್ಚು.

ಪಕ್ಕದ ಮನೆಯ ಮಕ್ಕಳು ಬಂದರೆ ಗೆಸ್ಟ್ ನೆಟ್‌ವರ್ಕ್ ಕೊಡುತ್ತೇವೆ, ಅದು ಜಗಲಿಯ ಡಬ್ಬಿಯಲ್ಲಿದೆ. ಮೇಲಿನದರಲ್ಲಿ ಗೆಸ್ಟ್ ಇಟ್ಟರೆ ಪ್ರಯೋಜನವಿಲ್ಲ, ಹಳದಿ ತೂತಿನಿಂದ ಅವರೂ ಮನೆಯೊಳಗೇ ಬಂದು ಕೂರುತ್ತಾರೆ. ಕನೆಕ್ಷನ್ ಅಣ್ಣನ ಹೆಸರಲ್ಲಿದೆ, ಅದರಲ್ಲಿ ಯಾರೇ ಏನು ಮಾಡಿದರೂ ಮೊದಲು ಕೇಳುವುದು ಅವನನ್ನು. ವೈ-ಫೈ ಪಾಸ್‌ವರ್ಡ್ ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿದೆ. ಸೆಟ್ಟಿಂಗಿನ ಪಾಸ್‌ವರ್ಡ್ ಬೇರೆ, ಅದು ನನ್ನಲ್ಲಿ ಮಾತ್ರ. ಕಾರ್ಖಾನೆಯಿಂದ ಬಂದ "ಅಡ್ಮಿನ್" ಅನ್ನು ಮೊದಲ ದಿನವೇ ಬದಲಿಸಿದೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಮತ್ತೆ ಎಲ್ಲ ನಿಂತಿತು. 192.168.1.1 ತೆರೆದರೆ ಒಮ್ಮೆ ಜಗಲಿಯ ಡಬ್ಬಿಯ ಪುಟ, ಇನ್ನೊಮ್ಮೆ ಹಳೇ ರೌಟರಿನ ಪುಟ. ಈ ಸಲ ಎರಡು ದಿನ ಬೇಕಾಗಲಿಲ್ಲ. ಏಣಿ ಹತ್ತಿ ನೋಡಿದೆ. ರೌಟರಿನ ರೀಸೆಟ್ ತೂತಿನಲ್ಲಿ ಊದುಬತ್ತಿ ಕಡ್ಡಿಯ ತುಂಡು ಇನ್ನೂ ನಿಂತಿತ್ತು. ಅಣ್ಣನ ಮಗ, ಆರು ವರ್ಷದವನು, "ದೀಪ ಎಲ್ಲ ಒಟ್ಟಿಗೇ ಹತ್ತುತ್ತಾ ನೋಡ್ದೆ ಚಿಕ್ಕಪ್ಪ" ಅಂದ. ಹತ್ತಿತ್ತಂತೆ. ಉಳಿಸಿಟ್ಟ ಬ್ಯಾಕಪ್ ಫೈಲಿನಿಂದ ಐದು ನಿಮಿಷದಲ್ಲಿ ಎಲ್ಲ ವಾಪಸ್ ಬಂತು. ತೂತಿನ ಮೇಲೆ ಈಗ ಕಪ್ಪು ಟೇಪು ಇದೆ.