ಕರೆಯದೆ ಬಂದ ಪ್ಯಾಕೇಜು ಯಾರ ಕಡೆಯದು? ಪುಟ್ಟ ಸ್ಕ್ರಿಪ್ಟಿನಲ್ಲಿ ಪತ್ತೆ

2023ರಲ್ಲಿ, ವೆಬ್ ಸರ್ವರುಗಳ ಜೊತೆ ಮಾತಾಡುವ ಯುಆರ್‌ಎಲ್‌ಲಿಬ್3 ಎಂಬ ಪೈಥಾನ್ ಪ್ಯಾಕೇಜಿನ 2.0 ಆವೃತ್ತಿ ಬಂತು. ಅದಕ್ಕೆ, ನೆಟ್ ಸಂಪರ್ಕವನ್ನು ಭದ್ರಪಡಿಸುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಅದಕ್ಕಿಂತ ಹೊಸದೇ ಬೇಕು. ಹಳೆಯದು ಇದ್ದ ಕಡೆ ಪ್ರೋಗ್ರಾಮುಗಳು ಶುರುವಾಗುವಾಗಲೇ ನಿಂತವು. ಮಜಾ ಏನೆಂದರೆ, ಬಹಳ ಮಂದಿ ಈ ಪ್ಯಾಕೇಜನ್ನು ತಾವಾಗಿ ಹಾಕಿಕೊಂಡೇ ಇರಲಿಲ್ಲ. ಅವರು ಹಾಕಿದ್ದು ರಿಕ್ವೆಸ್ಟ್ಸ್ ಎಂಬ ಇನ್ನೊಂದು ಪ್ಯಾಕೇಜು. ಯುಆರ್‌ಎಲ್‌ಲಿಬ್3 ಅದರ ಬೆನ್ನಿಗೇ ಬಂದಿತ್ತು.

ನಿಮ್ಮಲ್ಲಿ ಇದನ್ನು ಕರೆಸಿಕೊಂಡವರು ಯಾರು? ಮೊದಲು ಕಣ್ಣಾರೆ ನೋಡಿ. ಹಾಕಿದ ಪ್ಯಾಕೇಜುಗಳು ಕೂರುವ ಸೈಟ್-ಪ್ಯಾಕೇಜಸ್ ಫೋಲ್ಡರಿನಲ್ಲಿ ರಿಕ್ವೆಸ್ಟ್ಸ್ ಹೆಸರಿನ ‘ಡಿಸ್ಟ್-ಇನ್ಫೋ’ ಫೋಲ್ಡರ್ ಇರುತ್ತದೆ. ಅದರೊಳಗಿನ ಮೆಟಾಡೇಟಾ ಫೈಲು ತೆರೆಯಿರಿ. ‘ರಿಕ್ವೈರ್ಸ್-ಡಿಸ್ಟ್’ ಎಂದು ಶುರುವಾಗುವ ಸಾಲುಗಳೇ ಡಿಪೆಂಡೆನ್ಸಿಗಳು, ಅಂದರೆ ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು. ರಿಕ್ವೆಸ್ಟ್ಸ್ 2.32 ಆದರೆ, ಯುಆರ್‌ಎಲ್‌ಲಿಬ್3 ಹೆಸರಿನ ಪಕ್ಕದಲ್ಲೇ ‘1.21.1ರಿಂದ ಮೇಲೆ, 3ಕ್ಕಿಂತ ಕೆಳಗೆ’ ಎಂಬ ಷರತ್ತು ಕಾಣುತ್ತದೆ.

ಹೀಗೆ ಒಂದೊಂದನ್ನೇ ತೆರೆದು ಕೂರಲು ಆಗುತ್ತದಾ? ಪೈಥಾನ್ 3.8ರಿಂದ, ಈ ಮಾಹಿತಿ ಓದುವ ‘ಇಂಪೋರ್ಟ್‌ಲಿಬ್ ಡಾಟ್ ಮೆಟಾಡೇಟಾ’ ಮಾಡ್ಯೂಲು ಜೊತೆಗೇ ಸಿಗುತ್ತದೆ. ಅದರ ಡಿಸ್ಟ್ರಿಬ್ಯೂಷನ್ಸ್ ಫಂಕ್ಷನ್ ಮೇಲೆ ಫಾರ್ ಲೂಪ್ ಓಡಿಸಿ, ಪ್ರತಿ ಪ್ಯಾಕೇಜಿನ ‘ರಿಕ್ವೈರ್ಸ್’ ಪಟ್ಟಿ ತೆಗೆಯಿರಿ. ಡಿಪೆಂಡೆನ್ಸಿ ಇಲ್ಲದ ಪ್ಯಾಕೇಜು ಖಾಲಿ ಪಟ್ಟಿಯ ಬದಲು ‘ನನ್’ (ಏನೂ ಇಲ್ಲ) ಕೊಡಬಹುದು. ಅದಕ್ಕೆ ‘ಆರ್’ ಹಾಕಿ ಪಕ್ಕದಲ್ಲಿ ಖಾಲಿ ಪಟ್ಟಿ ಇಡಿ. ಇಲ್ಲದಿದ್ದರೆ ಲೂಪ್ ಅಲ್ಲೇ ಮುರಿಯುತ್ತದೆ. ಸ್ಕ್ರಿಪ್ಟನ್ನು ಆ ಪ್ರಾಜೆಕ್ಟಿನ ಪ್ಯಾಕೇಜುಗಳನ್ನು ಪ್ರತ್ಯೇಕವಾಗಿ ಇಡುವ ವರ್ಚುವಲ್ ಎನ್ವಿರಾನ್‌ಮೆಂಟಿನ ಪೈಥಾನ್‌ನಲ್ಲೇ ಓಡಿಸಬೇಕು, ಮರೆಯಬೇಡಿ.

ಹೆಚ್ಚಿನವರು ಎಡವುವುದು ಹೆಸರು ಹೋಲಿಸುವಾಗ. ಸಾಲಿನಲ್ಲಿ ಹೆಸರಿದೆಯಾ ಅಂತ ಸುಮ್ನೆ ‘ಇನ್’ ಹಾಕಿ ನೋಡಿದರೆ, ರಿಕ್ವೆಸ್ಟ್ಸ್ ಹುಡುಕುವಾಗ ರಿಕ್ವೆಸ್ಟ್ಸ್-ಓಆಥ್‌ಲಿಬ್ ಕೂಡ ಸಿಕ್ಕಿಬೀಳುತ್ತದೆ. ಅದು ಬೇರೆಯೇ ಪ್ಯಾಕೇಜು. ಬದಲಿಗೆ ‘ಪ್ಯಾಕೇಜಿಂಗ್’ ಲೈಬ್ರರಿಯ ರಿಕ್ವೈರ್‌ಮೆಂಟ್ ಕ್ಲಾಸಿಗೆ ಇಡೀ ಸಾಲು ಕೊಡಿ. ಹೆಸರು, ಆವೃತ್ತಿಯ ಷರತ್ತು, ಮಾರ್ಕರ್ (ಯಾವಾಗ ಬೇಕು ಎಂಬ ಗುರುತು) ಬಿಡಿಬಿಡಿಯಾಗಿ ಸಿಗುತ್ತವೆ. ಹೋಲಿಸುವ ಮುಂಚೆ ಎರಡೂ ಹೆಸರನ್ನು ಅದೇ ಲೈಬ್ರರಿಯ ‘ಕ್ಯಾನೊನಿಕಲೈಸ್ ನೇಮ್’ ಫಂಕ್ಷನ್ನಿಗೆ ಹಾಕಿ. ಒಂದೇ ಪ್ಯಾಕೇಜಿನ ಹೆಸರು ಒಂದು ಕಡೆ ಹೈಫನ್, ಇನ್ನೊಂದು ಕಡೆ ಅಂಡರ್‌ಸ್ಕೋರ್ ಆಗಿರುವುದು ಮಾಮೂಲು. ಇಷ್ಟಕ್ಕೆ ಹತ್ತು-ಹದಿನೈದು ಸಾಲು ಧಾರಾಳ.

ಮಾರ್ಕರನ್ನೂ ಪ್ರಿಂಟ್ ಮಾಡಿ. ರಿಕ್ವೆಸ್ಟ್ಸ್ ಮೆಟಾಡೇಟಾ ಫೈಲಿನಲ್ಲಿ ಪೈಸಾಕ್ಸ್ ಎಂಬ ಪ್ಯಾಕೇಜಿನ ಹೆಸರಿದ್ದರೂ ಪಕ್ಕದಲ್ಲಿ ‘ಎಕ್ಸ್‌ಟ್ರಾ’ ಎಂದಿದೆ. ಅಂದರೆ ಕೇಳಿದವರಿಗೆ ಮಾತ್ರ.

ಇಷ್ಟಾದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಪ್ಯಾಕೇಜು ಹಾಕುವ ಟೂಲ್ ಆದ ಪಿಪ್ಪನ್ನೇ ನೋಡಿ: ಯುಆರ್‌ಎಲ್‌ಲಿಬ್3ರ ಒಂದು ಪ್ರತಿಯನ್ನು ತನ್ನ ‘ವೆಂಡರ್’ ಫೋಲ್ಡರಿನಲ್ಲೇ ಇಟ್ಟುಕೊಂಡಿದೆ. ‘ರಿಕ್ವೈರ್ಸ್-ಡಿಸ್ಟ್’ ಸಾಲುಗಳಲ್ಲಿ ಅದರ ಸುದ್ದಿಯೇ ಇಲ್ಲ. ಇಂಥವನ್ನು ಹಿಡಿಯಲು ಫೋಲ್ಡರುಗಳ ಒಳಗೇ ಹೆಸರು ಹುಡುಕಬೇಕು.