ಎಲ್ಲ ಗೊರಗೊರವೂ ಕಫವಲ್ಲ

ಚಿಕ್ಕಮಗಳೂರಿನ ಕಡೆ ಎದೆಯಲ್ಲಿ ಯಾವ ಸದ್ದಿದ್ದರೂ ಜನ ಹೇಳುವುದು ಒಂದೇ ಮಾತು: 'ಕಫ ಕಟ್ಟಿದೆ ಡಾಕ್ಟ್ರೇ.' ಕಫವೇ ಇರಬಹುದು. ಶ್ವಾಸನಾಳ ಬಿಗಿದಿರಬಹುದು, ಹೃದಯ ಸೋತು ಶ್ವಾಸಕೋಶಕ್ಕೆ ನೀರು ಇಳಿದಿರಬಹುದು. ಮೂರಕ್ಕೂ ಔಷಧಿ ಬೇರೆ. ಅದಕ್ಕೇ ನಾನು ಮೊದಲು ಗಮನಿಸುವುದು ಎರಡು: ಸದ್ದು ಉಸಿರು ಎಳೆಯುವಾಗ ಬರುತ್ತದೋ ಬಿಡುವಾಗಲೋ, ಕೆಮ್ಮಿಸಿದರೆ ಬದಲಾಗುತ್ತದೋ ಇಲ್ಲವೋ.

ಡಿಸೆಂಬರ್ ಚಳಿಯಲ್ಲೂ ಸ್ವೆಟರ್, ಅಂಗಿ ತೆಗೆಸಲೇಬೇಕು. ಬಟ್ಟೆಯ ಮೇಲಿಟ್ಟರೆ ಬಟ್ಟೆಯ ಸದ್ದೇ ಕೇಳುತ್ತದೆ. ಸ್ಟೆತೊಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಮೈ ನಡುಗಿದರೆ ಸ್ನಾಯುಗಳ ಗುಡುಗುಡು ಸೇರಿಕೊಳ್ಳುತ್ತದೆ. ಎದೆಗೂದಲು ಬಿಲ್ಲೆಗೆ ಉಜ್ಜಿದರೆ ಥೇಟ್ ನ್ಯುಮೋನಿಯಾದ ಚರಚರ. ಕೂದಲಿಗೆ ನೀರು ಸವರಿ ಬಿಲ್ಲೆ ಒತ್ತಿ ಹಿಡಿದರೆ ಅದು ನಿಲ್ಲುತ್ತದೆ. ಕೈಗಳನ್ನು ಮುಂದೆ ಕಟ್ಟಿ ಕೂರಿಸಿದರೆ ಭುಜದ ಮೂಳೆ ಪಕ್ಕಕ್ಕೆ ಸರಿದು ಬೆನ್ನಿನಲ್ಲಿ ಜಾಗ ಸಿಗುತ್ತದೆ. ಬಾಯಿ ತೆರೆದು ಉಸಿರಾಡಿಸಿ, ಮೇಲಿನಿಂದ ಕೆಳಕ್ಕೆ ಎಡ–ಬಲ ಒಂದೇ ಮಟ್ಟದಲ್ಲಿ ನಾಲ್ಕೈದು ಜೋಡಿ ಜಾಗ, ಆಮೇಲೆ ಕಂಕುಳ ಕೆಳಗೆ, ಕೊನೆಗೆ ಮುಂಭಾಗ. ಪ್ರತಿ ಜಾಗದಲ್ಲೂ ಪೂರ್ತಿ ಒಂದು ಉಸಿರು. ವಯಸ್ಸಾದವರಿಗೆ ತಲೆ ಸುತ್ತುತ್ತದೆ, ನಡುವೆ ಬಿಡುವು ಕೊಡಬೇಕು.

ಉಸಿರು ಬಿಡುವಾಗ ಎರಡೂ ಕಡೆ ಸುಯ್ ಎಂದು ಸೀಟಿ ಹೊಡೆದರೆ ನಾಳ ಕಿರಿದಾಗಿದೆ. ಕಾಫಿ ಕ್ಯೂರಿಂಗ್ (ಒಣಗಿದ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ) ಕೆಲಸದವರಾದರೆ ರಜೆಯ ದಿನ ಕಡಿಮೆಯಾಗುತ್ತದೆಯೇ ಎಂದು ಕೇಳುತ್ತೇನೆ. ಹುರಿಯದ ಬೀಜದ ಧೂಳು ಕೆಲವರಿಗೆ ಅಸ್ತಮಾ ತರುತ್ತದೆ. ಬೀಡಿ ಮುಟ್ಟದ ಹೆಂಗಸರಿಗೂ ಸೌದೆ ಒಲೆಯ ಹೊಗೆ ಸಾಕು. ಚೆನ್ನಾಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು, ಒಂದೇ ಕಡೆ ಸೀಟಿ ಬಂದರೆ ಕಡಲೆಕಾಯಿ ಬೀಜ ಒಳಗೆ ಸಿಕ್ಕಿದೆಯೆಂದೇ ಮೊದಲು ಯೋಚಿಸಬೇಕು. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ. ಕಾಣಲಿಲ್ಲವೆಂದು ಮನೆಗೆ ಕಳಿಸುವುದು ದೊಡ್ಡ ತಪ್ಪು. ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮಾಡುವ ಕಡೆಗೆ ಕಳಿಸಬೇಕು.

ಉಸಿರು ಎಳೆದ ಕೊನೆಗೆ, ಕಿವಿಯ ಬಳಿ ಕೂದಲು ಹೊಸಕಿದಂಥ ಸಣ್ಣ ಚರಚರ ಬೇರೆಯ ಕಥೆ. ಬೆನ್ನಿನ ಬುಡದಲ್ಲಿ ಎರಡೂ ಕಡೆ ಇದ್ದು, ಕಾಲು ಊದಿ, ರಾತ್ರಿ ಉಸಿರು ಕಟ್ಟಿ ಎದ್ದು ಕೂರುವವರಾದರೆ ಹೃದಯ ನೋಡಿಸಬೇಕು. ಒಂದೇ ಕಡೆ ಇದ್ದು ಜ್ವರವೂ ಇದ್ದರೆ ನ್ಯುಮೋನಿಯಾ. ಕೆಮ್ಮಿದಾಗ ಕರಗುವ, ಜಾಗ ಬದಲಿಸುವ ದಪ್ಪ ಗೊರಗೊರವೇ ನಿಜವಾದ ಕಫ. ಎರಡು ವಾರ ದಾಟಿದ ಕೆಮ್ಮಿಗೆ, ಸದ್ದು ಏನೇ ಇರಲಿ, ಕ್ಷಯವೇ ಎಂದು ತಿಳಿಯಲು ಕಫದ ಪರೀಕ್ಷೆ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕೂಸುಗಳಲ್ಲಿ ಕಟ್ಟಿದ ಮೂಗಿನ ಸದ್ದೇ ಎದೆಯಲ್ಲೂ ಕೇಳುತ್ತದೆ. ಮೂಗಿಗೆ ಸಲೈನ್ ಹನಿ ಬಿಟ್ಟು ಮತ್ತೆ ಕೇಳಬೇಕು. ಅದಕ್ಕಿಂತ ನನಗೆ ಭರವಸೆ ಉಸಿರಿನ ಎಣಿಕೆಯ ಮೇಲೆ: ಅಳದಿರುವಾಗ ಪೂರ್ತಿ ಒಂದು ನಿಮಿಷ. 2ರಿಂದ 11 ತಿಂಗಳ ಕೂಸಿಗೆ 50, 1ರಿಂದ 5 ವರ್ಷದೊಳಗಿನ ಮಗುವಿಗೆ 40 ಮುಟ್ಟಿದರೆ ಅದು ವೇಗದ ಉಸಿರು.

ನನಗೆ ಹೆಚ್ಚು ಭಯ ಸದ್ದೇ ಇಲ್ಲದ ಎದೆಯದು. ಉಬ್ಬಸ ಜೋರಾಗಿದ್ದವರಲ್ಲಿ ಸೀಟಿ ನಿಂತರೆ ಮನೆಯವರು ಕಡಿಮೆಯಾಯಿತೆಂದು ಸಮಾಧಾನಪಡುತ್ತಾರೆ. ಒಂದು ವಾಕ್ಯ ಮುಗಿಸಲಾಗದೆ, ತುಟಿ ನೀಲಿಯಾಗಿ, ಮಂಕು ಕವಿದಿದ್ದರೆ ಒಳಗೆ ಗಾಳಿಯೇ ಓಡಾಡುತ್ತಿಲ್ಲ. ಕೂರಿಸಿಯೇ ಇಟ್ಟು, ಸಾಲ್ಬುಟಮಾಲ್ (ಬಿಗಿದ ಶ್ವಾಸನಾಳ ಸಡಿಲಿಸುವ ಔಷಧಿ) ಇನ್ಹೇಲರ್ ಇದ್ದರೆ ಸ್ಪೇಸರಿನಲ್ಲಿ (ಇನ್ಹೇಲರಿಗೆ ಸಿಕ್ಕಿಸುವ ಡಬ್ಬಿ) ಒಂದೊಂದೇ ಪಫ್ ಕೊಡುತ್ತಾ 108ಕ್ಕೆ ಕರೆ ಮಾಡಬೇಕು. ಒಳ ಎಸ್ಟೇಟಿನವರಾದರೆ ಆಂಬುಲೆನ್ಸ್ ಮುಖ್ಯರಸ್ತೆಗೆ ಬರುವಷ್ಟರಲ್ಲಿ ಜೀಪಿನಲ್ಲಿ ಅಲ್ಲಿಗೆ ತಲುಪಿರಬೇಕು.